ಸಿಮೆಂಟಿಗೆ ಇರುವ ಲೆಕ್ಕ ಡೆಬ್ರಿಗೆ ಯಾಕಿಲ್ಲ?

ಬಿ.ಕಾಂ. ಮುಗಿಸಿದ ಮೇಲೆ ನನಗೆ ಸಿಕ್ಕ ಮೊದಲ ಕೆಲಸ ಬೆಂಗಳೂರಿನ ಕನಕಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟ್ ಸೈಟೊಂದರಲ್ಲಿ ಅಕೌಂಟ್ಸ್ ಅಸಿಸ್ಟೆಂಟ್ ಹುದ್ದೆ. ತಗಡಿನ ಶೆಡ್ಡೇ ಆಫೀಸು, ಇದ್ದ ಒಂದೇ ಕಂಪ್ಯೂಟರಿನಲ್ಲಿ ಟ್ಯಾಲಿ. ಅಲ್ಲಿದ್ದ ಹಳೆಯ ಕಟ್ಟಡಗಳನ್ನು ಕೆಡವಿದ ಡೆಬ್ರಿ ಸಾಗಿಸುವ ಗುತ್ತಿಗೆದಾರರು ತಿಂಗಳ ಕೊನೆಗೆ ಬಿಲ್ ತರುತ್ತಿದ್ದರು: ಇಷ್ಟು ಟ್ರಿಪ್, ಒಂದಕ್ಕೆ ಇಷ್ಟು ಎಂದು. ನಾನು ಎಂಟ್ರಿ ಹಾಕುತ್ತಿದ್ದೆ. ಷರಾ ಕಾಲಂನಲ್ಲಿ ‘ಸಂಸ್ಕರಣಾ ಘಟಕಕ್ಕೆ ವಿಲೇವಾರಿ’ ಎಂದು ಟೈಪ್ ಮಾಡಬೇಕೆಂದು ಹಿರಿಯರೊಬ್ಬರು ಹೇಳಿಕೊಟ್ಟಿದ್ದರು.

ಒಂದು ಸಂಜೆ ಪಿ.ಜಿ.ಗೆ ನಡೆದು ಹೋಗುವಾಗ ಕೆರೆಯ ಅಂಚಿನಲ್ಲಿ ಹೊಸ ಗುಡ್ಡೆ ಕಂಡಿತು. ಅದರಲ್ಲಿ ಹಸಿರು ಆಕ್ಸೈಡ್ ನೆಲದ ದೊಡ್ಡ ತುಂಡುಗಳು. ಆ ನೆಲವನ್ನು ನಮ್ಮ ಸೈಟಿನಲ್ಲಿ ಒಡೆಯುವಾಗ, ಎಷ್ಟು ಚೆನ್ನಾಗಿದೆಯಲ್ಲ ಎಂದು ನಾನೇ ನಿಂತು ನೋಡಿದ್ದೆ.

ಮರುದಿನ ಬಿಲ್ ತೆಗೆದು ಕೂತೆ. ಪ್ರತಿ ಲೋಡೂ ಸರಿಯಾಗಿ 10 ಟನ್. ತೂಕದ ಸೇತುವೆಯ ಮೇಲೆ ಹತ್ತಿದ ಲಾರಿ ಪ್ರತಿಸಲವೂ ಇಷ್ಟು ಅಚ್ಚುಕಟ್ಟಾಗಿ ತೂಗುವುದಿಲ್ಲ ಎಂಬುದಕ್ಕೆ ಕಬ್ಬಿಣದ ಬಿಲ್ ನೋಡಿದವರೆಲ್ಲ ಸಾಕ್ಷಿ. ಗೇಟಿನ ರಿಜಿಸ್ಟರ್ ಜತೆ ಹೋಲಿಸಿದರೆ ಒಂದೇ ನಂಬರಿನ ಟಿಪ್ಪರ್ ಹೊರಟು 25 ನಿಮಿಷಕ್ಕೆ ವಾಪಸಾಗಿದೆ. ಬಿಲ್ಲಿನಲ್ಲಿ ಬರೆದ ಘಟಕವಿರುವುದು ನಗರದ ಇನ್ನೊಂದು ತುದಿ ಚಿಕ್ಕಜಾಲದಲ್ಲಿ. ಬೆಂಗಳೂರಿನ ಟ್ರಾಫಿಕ್ ಬಲ್ಲವರಿಗೆ ಹೆಚ್ಚು ವಿವರಿಸಬೇಕಿಲ್ಲ.

ಕಾನೂನು ಇಲ್ಲವೆಂದಲ್ಲ. ಕೇಂದ್ರದ 2016ರ ನಿಯಮಗಳ ಪ್ರಕಾರ ದಿನಕ್ಕೆ 20 ಟನ್ ಅಥವಾ ಒಂದು ಯೋಜನೆಯಲ್ಲಿ ತಿಂಗಳಿಗೆ 300 ಟನ್‌ನಷ್ಟು ಕಟ್ಟಡ ತ್ಯಾಜ್ಯ ಉಂಟುಮಾಡುವವರು ಕಾಂಕ್ರೀಟ್, ಮಣ್ಣು, ಕಬ್ಬಿಣ, ಮರ ಮತ್ತು ಪ್ಲಾಸ್ಟಿಕ್, ಇಟ್ಟಿಗೆ-ಗಾರೆ ಎಂದು ಬೇರ್ಪಡಿಸಬೇಕು; ಕೆಲಸ ಶುರು ಮಾಡುವ ಮೊದಲೇ ಸ್ಥಳೀಯ ಸಂಸ್ಥೆಗೆ ವಿಲೇವಾರಿ ಯೋಜನೆ ಕೊಡಬೇಕು. 2025ರಲ್ಲಿ ಪ್ರಕಟವಾದ ಹೊಸ ನಿಯಮಗಳು 2026ರ ಏಪ್ರಿಲ್ 1ರಿಂದ ಅನ್ವಯ. ಅವು 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಯೋಜನೆಗಳನ್ನು ಆನ್‌ಲೈನ್ ಪೋರ್ಟಲ್‌ಗೆ ತರುತ್ತವೆ. ಆದರೆ ಪೋರ್ಟಲ್‌ಗೆ ಹೋಗುವ ಅಂಕಿ ಹುಟ್ಟುವುದು ನನ್ನಂಥವರು ಕೂರುವ ತಗಡಿನ ಶೆಡ್ಡಿನಲ್ಲಿ. ಅಲ್ಲಿ ಸುಳ್ಳಾದರೆ ಮೇಲೆಲ್ಲ ಸುಳ್ಳೇ.

ಇದಕ್ಕೆ ಲಕ್ಷಗಟ್ಟಲೆ ಬೆಲೆಯ ಹೊಸ ಸಾಫ್ಟ್‌ವೇರ್ ಬೇಕೇ? ಬೇಡ ಎಂಬುದು ನನ್ನ ವಾದ. ಸೈಟಿಗೆ ಸಿಮೆಂಟ್ ಬಂದರೆ ಏನು ಮಾಡುತ್ತೇವೆ? ಪರ್ಚೇಸ್ ಆರ್ಡರ್, ಸರಕು ಸ್ವೀಕರಿಸಿದ ಚೀಟಿ, ಬಿಲ್ — ಮೂರೂ ಹೊಂದಿದರೆ ಮಾತ್ರ ಹಣ. ಒಂದು ಮೂಟೆ ಕಡಿಮೆಯಾದರೂ ಫೋನ್ ಮೇಲೆ ಫೋನ್. ಒಳಗೆ ಬರುವ ಮಾಲಿಗೆ ಇಷ್ಟು ಕಟ್ಟುನಿಟ್ಟಾಗಿರುವ ನಾವು ಹೊರಗೆ ಹೋಗುವ ಡೆಬ್ರಿಯನ್ನು ಬರೀ ಖರ್ಚು ಎಂದು ಬರೆದು ಕೈತೊಳೆದುಕೊಳ್ಳುತ್ತೇವೆ. ಅದನ್ನೂ ಸ್ಟಾಕ್ ಐಟಂ ಮಾಡಿ. ಟಿಪ್ಪರ್ ಗೇಟ್ ದಾಟುವಾಗ ಗಾಡಿ ನಂಬರ್ ಸಮೇತ ಡೆಲಿವರಿ ನೋಟ್ ಹಾಕಿ. ಘಟಕದ ತೂಕದ ಚೀಟಿ ಬಂದರೆ ಆ ಲೋಡ್ ಮುಗಿಯಿತು, ಬಾರದಿದ್ದರೆ ಬಾಕಿ. ಬಾಕಿಯಿರುವ ಲೋಡಿಗೆ ಹಣವಿಲ್ಲ.

ಎಲ್ಲಕ್ಕಿಂತ ಮುಖ್ಯ, ಟ್ರಿಪ್ ಲೆಕ್ಕ ಬಿಟ್ಟು ಘಟಕ ಸ್ವೀಕರಿಸಿದ ಟನ್ ಲೆಕ್ಕದಲ್ಲಿ ಪಾವತಿಸಬೇಕು. ಟ್ರಿಪ್‌ಗೆ ದುಡ್ಡು ಕೊಟ್ಟರೆ ಹತ್ತಿರದ ಕೆರೆ, ರಾಜಕಾಲುವೆಯೇ ಲಾಭ. ಡೀಸೆಲ್ ಉಳಿಯುತ್ತದೆ, ಸಮಯವೂ ಉಳಿಯುತ್ತದೆ. ಡ್ರೈವರನ್ನು ಬೈದು ಪ್ರಯೋಜನವಿಲ್ಲ. ಅವನಿಗೆ ಹಾಗೆ ಮಾಡುವ ಆಸೆ ಹುಟ್ಟಿಸಿದ್ದು ನಮ್ಮ ಬಿಲ್ಲಿನ ನಮೂನೆ.

ಚೀಟಿಯನ್ನೂ ನಕಲಿ ಮಾಡಬಹುದಲ್ಲ ಎಂದು ಗೆಳೆಯನೊಬ್ಬ ಕೇಳಿದ. ಮಾಡಬಹುದು. ಅದಕ್ಕೇ ತಿಂಗಳಿಗೊಮ್ಮೆ ಘಟಕದಿಂದ ನೇರವಾಗಿ ಸ್ಟೇಟ್‌ಮೆಂಟ್ ತರಿಸಿ, ಬ್ಯಾಂಕ್ ಪಾಸ್‌ಬುಕ್ ತಾಳೆ ನೋಡುವ ಹಾಗೆ ನೋಡಬೇಕು. ಕಾಮರ್ಸ್ ಓದಿದವರಿಗೆ ಇದು ಎರಡನೇ ಸೆಮಿಸ್ಟರ್ ಪಾಠದಷ್ಟು ಸುಲಭ. ಆದರೆ ಲೆಕ್ಕವೂ ಗೊತ್ತಿದ್ದು, ಬಿಸಿಲಲ್ಲಿ ಗೇಟಿನ ಹತ್ತಿರ ನಿಂತು ಲೋಡ್ ನೋಡುವ ಮನಸ್ಸೂ ಇರುವವರು ಸೈಟುಗಳಲ್ಲಿ ಸಿಗುವುದಿಲ್ಲ. ಸಿವಿಲ್ ಡಿಪ್ಲೊಮಾದವರಿಗೆ ಟ್ಯಾಲಿ ಬೇಡ, ಬಿ.ಕಾಂ.ನವರಿಗೆ ಧೂಳು ಬೇಡ. ಕೆಲಸ ಹುಡುಕುತ್ತಿರುವವರು ಈ ಮಧ್ಯದ ಜಾಗವನ್ನು ಒಮ್ಮೆ ನೋಡಬಹುದು.

ನಾನು ಮ್ಯಾನೇಜರ್ ಹತ್ತಿರ ಹೋದಾಗ ಅವರು, ‘ಈ ತಿಂಗಳದ್ದು ಪಾಸ್ ಮಾಡಿಬಿಡಪ್ಪ, ಮುಂದಿನ ತಿಂಗಳು ನೋಡೋಣ’ ಎಂದರು. ಮುಂದಿನ ತಿಂಗಳು ತೂಕದ ಚೀಟಿ ಕೇಳಿದೆವು. ಗುತ್ತಿಗೆದಾರರು ಮೊದಲು ಜಗಳ ಮಾಡಿದರು, ಆಮೇಲೆ ದರ ಹೆಚ್ಚಿಸಿ ಕೇಳಿದರು, ಕೊನೆಗೆ ಚೀಟಿ ತಂದರು. ಮೊದಲ ಚೀಟಿಯಲ್ಲಿದ್ದ ತೂಕ 8 ಟನ್ 740 ಕಿಲೊ. ಹಿಂದಿನ ಎಂಟ್ರಿಗಳು ಮಾತ್ರ ನನ್ನ ಲಾಗಿನ್ ಹೆಸರಿನಲ್ಲಿ ಹಾಗೇ ಉಳಿದಿವೆ, 10 ಟನ್, 10 ಟನ್ ಎಂದು.