ಸಾಣೆ ಬೇಡದ ಚಾಕು ಅನ್ನೋದು ಸುಳ್ಳು

ಇವತ್ತು ಹೊಲದ ವಿಚಾರ ಅಲ್ಲ, ಅಡುಗೆಮನೆ ವಿಚಾರ. ಹೋದ ವರ್ಷ ನಮ್ಮ ಸೊಸೆ ಆನ್‌ಲೈನಲ್ಲಿ ಬಿಳಿ ಸೆರಾಮಿಕ್ ಚಾಕು ತರಿಸಿದಳು. ಡಬ್ಬದ ಮೇಲೆ ‘ಸಾಣೆ ಹಿಡಿಯೋದೇ ಬೇಡ’ ಅನ್ನೋ ಮಾತು. ವರ್ಷ ತುಂಬೋದ್ರೊಳಗೆ ಟೊಮ್ಯಾಟೊ ಸಿಪ್ಪೆ ಮೇಲೆ ಜಾರೋಕೆ ಶುರುವಾಯ್ತು. "ಮಾವ, ಇದನ್ನ ಬಿಸಾಕಿ ಬೇರೆ ತರಿಸ್ಲಾ?" ಅಂದಳು. ಸಿಟ್ಟು ಬಂದಿದ್ದು ಅವಳ ಮೇಲಲ್ಲ, ಆ ಡಬ್ಬದ ಮೇಲೆ.

ಕುಡುಗೋಲು ಮಸೆಯೋ ಕಲ್ಲಿಗೆ ಅರ್ಧ ಗಂಟೆ ಉಜ್ಜಿದೆ. ಚಾಕುಗೆ ಏನೂ ಆಗಲಿಲ್ಲ, ಕಲ್ಲೇ ಸವೀತು. ಕಾರಣ ಇಷ್ಟೇ: ಈ ಚಾಕು ಜಿರ್ಕೋನಿಯಾದ್ದು. ಗಟ್ಟಿತನ ಅಳೆಯೋ ಮೋಸ್ ಲೆಕ್ಕದಲ್ಲಿ ಅದು ಸುಮಾರು 8.5, ಮರಳುಗಲ್ಲಿನ ಕಣ 7. ವಜ್ರ 10. ಹಾಗಾಗಿ ವಜ್ರದ ಪುಡಿ ಕೂರಿಸಿದ ಪಟ್ಟಿನೇ ಬೇಕು. ಒಂದು ಬದಿ 400, ಇನ್ನೊಂದು ಬದಿ 1000 ನಂಬರಿಂದು, ನಾನು ಕೊಟ್ಟಿದ್ದು 350 ರೂಪಾಯಿ.

ಪಟ್ಟಿ ಮೇಲೆ ನೀರು ಹಾಕಿ, ಒಣ ಧೂಳು ಏಳಬಾರದು. ಬರೀ ಮೊಂಡಾಗಿದ್ರೆ 1000 ಸಾಕು, ಸಣ್ಣ ಕಚ್ಚು ಬಿದ್ದಿದ್ರೆ ಮಾತ್ರ ಮೊದಲು 400. ಚಾಕುವಿನ ಮೊದಲಿನ ಇಳಿಜಾರೇ ಪಟ್ಟಿಗೆ ಕೂರ್ಲಿ. ಬೆನ್ನು ಮುಂದೆ, ಅಲಗು ಹಿಂದೆ ಬರೋ ಹಾಗೆ ಎಳೀರಿ. ಅಲಗು ಮುಂದೆ ಮಾಡಿ ತಳ್ಳಿದ್ರೆ ಚಕ್ಕೆ ಏಳುತ್ತೆ. ಭಾರ ಹಾಕಬೇಡಿ. ಕಬ್ಬಿಣದ ಚಾಕು ಎಳೆಯೋ ಸಂದಿನ ಸಾಣೆಗೆ ಇದನ್ನ ತೂರಿಸಲೇಬೇಡಿ. ದೊಡ್ಡ ಚೂರು ಹಾರಿದ್ರೆ ಮನೇಲಿ ಆಗೋ ಕೆಲಸ ಅಲ್ಲ.

"ಚಾಕುಗಿಂತ ಪಟ್ಟಿನೇ ದುಬಾರಿ, ಹೊಸದೇ ತಗೊಳ್ಳಿ" ಅಂತೀರಾ? ಮಾರೋನಿಗೆ ಬೇಕಾಗಿರೋದು ನಮ್ಮ ಬಾಯಲ್ಲಿ ಇದೇ ಲೆಕ್ಕ! ಅದೇ ಪಟ್ಟೀಲಿ ಈಗ ಮನೆ ಸ್ಟೀಲ್ ಚಾಕುಗಳು, ಕಸಿ ಕಟ್ಟೋ ಚಾಕು ಎಲ್ಲಾ ಮಸೀತೀನಿ.

ಸೆರಾಮಿಕ್ಕಿಗೆ ತುಕ್ಕಿಲ್ಲ, ಮಾವಿನಕಾಯಿ ಹುಳಿಗೆ ಕಪ್ಪಾಗಲ್ಲ, ಒಪ್ತೀನಿ. ಆದ್ರೆ ಮೂಳೆಗೆ, ತೆಂಗಿನಕಾಯಿ ಮೀಟೋಕೆ ಆಗಲ್ಲ, ಕೈ ಜಾರಿ ಬಿದ್ರೆ ಮುರಿಯುತ್ತೆ. ನಮ್ಮವ್ವನ ಈಳಿಗೆಮಣೆ ಮಸೆದೂ ಮಸೆದೂ ಅಲಗು ಅರ್ಧ ಆಗಿದೆ, ಇವತ್ತೂ ಸೊಪ್ಪು ಹೆಚ್ಚುತ್ತೆ. ಕೊಯ್ಯೋದೆಲ್ಲ ಮೊಂಡಾಗಲೇಬೇಕು. ಮಸೆಯೋಕೆ ಗೊತ್ತಿಲ್ಲದ ಚಾಕು ನಮ್ಮದಲ್ಲ, ಅಂಗಡಿಯವನ ಬಾಡಿಗೆ ಚಾಕು. ಮುಂದಿನ ಸಲ ಕೊಳ್ಳೋ ಮುಂಚೆ, ಇದನ್ನ ಮಸೆಯೋದು ಹೇಗೆ ಅಂತ ಕೇಳಿ. ‘ಬೇಕಾಗಲ್ಲ’ ಅಂದ್ರೆ ಅಲ್ಲೇ ಇಟ್ಟು ಬನ್ನಿ.