ಬಿಚ್ಚುವುದೂ ಜೋಡಿಸುವುದೂ

ಯಂತ್ರವನ್ನು ಬಿಚ್ಚುವುದಕ್ಕೆ ಕುತೂಹಲವೊಂದಿದ್ದರೆ ಸಾಕು. ಅದನ್ನು ಮರಳಿ ಜೋಡಿಸುವುದಕ್ಕೆ ಹೊಣೆಗಾರಿಕೆ ಬೇಕು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ, ಯೆಜ್ಡಿ ಮೋಟಾರ್ ಸೈಕಲ್ಲುಗಳು ಇಂದಿಗೂ ರಸ್ತೆಯಲ್ಲಿ ಕಾಣುತ್ತಿದ್ದರೆ, ಅವುಗಳನ್ನು ಮನೆಯಂಗಳದಲ್ಲಿಯೇ ಬಿಚ್ಚಿ, ಒರೆಸಿ, ಜೋಡಿಸುವ ಆಸಕ್ತರ ಕೈಗಳೂ ಅದಕ್ಕೆ ಕಾರಣ. ಈ ಹವ್ಯಾಸವು ಶ್ಲಾಘ್ಯವಾದುದು. ಆದರೆ ಮುಂದಿನ ಚಕ್ರದ ವಿಷಯದಲ್ಲಿ ಅವಸರವು ಸಲ್ಲದು.

ಬ್ರೇಕು ಹಿಡಿದೊಡನೆ ವಾಹನದ ಭಾರವು ಮುಂದಕ್ಕೆ ವಾಲುತ್ತದೆ. ಆದುದರಿಂದ ವೇಗವನ್ನು ತಡೆಯುವ ಹೆಚ್ಚಿನ ಕೆಲಸ ಮುಂದಿನ ಚಕ್ರದ್ದೇ. ಇಂಥ ಹಳೆಯ ವಾಹನಗಳಲ್ಲಿ ಡ್ರಮ್ ಬ್ರೇಕಿನ ತಟ್ಟೆಯು ಚಕ್ರದೊಡನೆ ತಿರುಗದಂತೆ ಫೋರ್ಕಿಗೆ ಆತುಕೊಂಡಿರಬೇಕು. ಆ ಹಿಡಿತವು ತಪ್ಪಿದರೆ, ಬ್ರೇಕು ಹಿಡಿದಾಗ ತಟ್ಟೆಯೇ ತಿರುಗಿ, ಚಕ್ರವು ಸಿಕ್ಕಿಕೊಂಡು, ಸವಾರನು ಉರುಳಬಹುದು. ಅಚ್ಚಿನ ನಟ್ಟನ್ನು ಬಿಗಿಮಾಡಿದ ಮೇಲೆ ಚಕ್ರವನ್ನು ಕೈಯಿಂದ ತಿರುಗಿಸಿ, ಅದು ಸರಾಗವಾಗಿ ಸುತ್ತುವುದೇ, ಅಕ್ಕಪಕ್ಕಕ್ಕೆ ಅಲುಗುವುದೇ ಎಂದು ನೋಡಬೇಕು. ಬ್ರೇಕಿನ ತಂತಿಯನ್ನು ಸರಿಪಡಿಸಿ, ಮೊದಲು ನಿಧಾನವಾಗಿ ಓಡಿಸಿ ಪರೀಕ್ಷಿಸಬೇಕು.

ಕೆಲಸ ಮುಗಿಯಿತೆಂದುಕೊಂಡಾಗ ನೆಲದ ಮೇಲೆ ಒಂದು ವಾಷರು ಉಳಿದುದು ಕಂಡರೆ, ಎಲ್ಲವನ್ನೂ ಮತ್ತೆ ಬಿಚ್ಚಿ ನೋಡುವುದೇ ವಿವೇಕ. ಅನುಮಾನವಿದ್ದಾಗ ನುರಿತ ಮೆಕ್ಯಾನಿಕ್ಕನಿಗೆ ತೋರಿಸುವುದರಲ್ಲಿ ಅವಮಾನವೇನೂ ಇಲ್ಲ. ನಾಳೆ ಆ ವಾಹನದ ಹಿಂಬದಿಯಲ್ಲಿ ಕುಳಿತುಕೊಳ್ಳುವ ತಂಗಿಗೆ ವಾಷರಿನ ವಿಷಯ ತಿಳಿದಿರುವುದಿಲ್ಲ. ಅವಳು ಅಣ್ಣನ ಕೈಯನ್ನು ನಂಬಿರುತ್ತಾಳೆ. ಆ ನಂಬಿಕೆಗೆ ತಕ್ಕಂತೆ ನಡೆದಾಗಲೇ ಕೈಕೆಲಸವು ವಿದ್ಯೆ ಎನಿಸಿಕೊಳ್ಳುತ್ತದೆ.