ಮನೆಯ ಜಗಳವೂ ಮತದ ಹೊಣೆಯೂ

ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷಪದವಿಗಾಗಿ ಎರಡು ಯುದ್ಧಗಳು ನಡೆಯುತ್ತವೆ. ಮೊದಲನೆಯದು ಪಕ್ಷದ ಮನೆಯೊಳಗೆ, ಪ್ರಾಥಮಿಕ ಚುನಾವಣೆಯೆಂಬ ಹೆಸರಿನಲ್ಲಿ. ಎರಡನೆಯದು ಬಯಲಿನಲ್ಲಿ, ನವೆಂಬರ ತಿಂಗಳಲ್ಲಿ. ಮನೆಯೊಳಗಣ ಗಾಯಗಳು ಮಾಯುವುದರೊಳಗಾಗಿಯೇ ಬಯಲಿನ ಕಹಳೆ ಮೊಳಗುವುದರಿಂದ, ಸೋತವರೂ ಗೆದ್ದವರೂ ಒಂದೇ ಪಂಕ್ತಿಯಲ್ಲಿ ನಿಲ್ಲಬಲ್ಲರೇ ಎಂಬುದರ ಮೇಲೆ ಆ ಬಲಿಷ್ಠ ರಾಷ್ಟ್ರದ ಭವಿತವ್ಯವು ಅನೇಕ ಸಲ ನಿಂತಿದೆ. 2028ರಲ್ಲಿ ಈ ಋತುವು ಮರಳಿ ಬರಲಿದೆ. ಎರಡು ಸಲ ಚುನಾಯಿತರಾದ ಮಿ. ಟ್ರಂಪರು ಆ ದೇಶದ ರಾಜ್ಯಘಟನೆಯ 22ನೆಯ ತಿದ್ದುಪಡಿಯ ಮೇರೆಗೆ ಮತ್ತೊಮ್ಮೆ ಚುನಾಯಿತರಾಗುವಂತಿಲ್ಲ. ಆದುದರಿಂದ ಎರಡು ಮನೆಗಳಲ್ಲಿಯೂ ಜಗಳಕ್ಕೆ ಎಡೆಯುಂಟು. ಇಂಥ ಸಮಯದಲ್ಲಿ 2016ನೆಯ ವರ್ಷದ ವೃತ್ತಾಂತವನ್ನು ಮತ್ತೊಮ್ಮೆ ಪರಾಮರ್ಶಿಸುವುದು ಅನುಚಿತವಾಗಲಾರದು.

ದೂರದ ಊರಿನ ಜಗಳ ನಮಗೇತಕ್ಕೆ ಎಂದು ಕೇಳುವ ವಾಚಕರಿದ್ದಾರು. ಅಲ್ಲಿಯ ಪ್ರಜೆಗಳಾಗಿ ಮತದ ಹಕ್ಕು ಪಡೆದಿರುವ ಕನ್ನಡಿಗರು ಈಗ ಕಡಮೆಯಿಲ್ಲವೆಂಬುದು ಒಂದು ಉತ್ತರ. 1907ರ ಸೂರತ್ ಅಧಿವೇಶನವನ್ನೂ 1939ರ ತ್ರಿಪುರಿಯನ್ನೂ ಮರೆಯದ ನಾಡಿಗೆ ಈ ವ್ಯಾಧಿಯು ಅಪರಿಚಿತವಲ್ಲವೆಂಬುದು ಇನ್ನೊಂದು.

2016ರಲ್ಲಿ ಡೆಮೊಕ್ರಾಟಿಕ್ ಪಕ್ಷದ ಉಮೇದುವಾರಿಕೆಗಾಗಿ ಶ್ರೀಮತಿ ಹಿಲರಿ ಕ್ಲಿಂಟನ್ನರಿಗೂ ವರ್ಮಾಂಟ್ ಸಂಸ್ಥಾನದ ಸೆನೇಟರ್ ಮಿ. ಬರ್ನಿ ಸ್ಯಾಂಡರ್ಸರಿಗೂ ಸ್ಪರ್ಧೆ ನಡೆಯಿತು. ಪ್ರಾಥಮಿಕ ಚುನಾವಣೆಗಳಲ್ಲಿ ಆಕೆಗೆ ಸುಮಾರು 1 ಕೋಟಿ 69 ಲಕ್ಷ, ಅವರಿಗೆ ಸುಮಾರು 1 ಕೋಟಿ 32 ಲಕ್ಷ ಮತಗಳು ಬಂದುವು. ಗೆಲುವು ಸ್ಪಷ್ಟವಾಗಿತ್ತು. ಆದರೆ ಪಕ್ಷದ ಮುಖಂಡರೂ ಶಾಸನಸಭಿಕರೂ ಯಾವ ಮತದಾರನ ಅಪ್ಪಣೆಯೂ ಇಲ್ಲದೆ 'ಸೂಪರ್ ಡೆಲಿಗೇಟ'ರೆಂಬ ಹೆಸರಿನಿಂದ ಪ್ರತಿನಿಧಿಗಳಾಗಿ ಕುಳಿತಿದ್ದರು; ಅವರಲ್ಲಿ ಬಹುತೇಕರು ಮೊದಲಿನಿಂದಲೂ ಒಂದೇ ಕಡೆಗೆ ವಾಲಿದ್ದರು. ಅದರ ಮೇಲೆ, ಫಿಲಡೆಲ್ಫಿಯದ ಮಹಾಧಿವೇಶನ ಜುಲೈ 25ಕ್ಕೆ ಕೂಡಲಿದೆ ಎನ್ನುವಾಗ, ಕೇವಲ ಮೂರು ದಿನ ಮೊದಲು ಪಕ್ಷದ ರಾಷ್ಟ್ರೀಯ ಸಮಿತಿಯ ಖಾಸಗಿ ಪತ್ರವ್ಯವಹಾರವು ವಿಕಿಲೀಕ್ಸಿನಿಂದ ಹೊರಬಿದ್ದು, ಕಚೇರಿಯ ಕೆಲವು ಅಧಿಕಾರಿಗಳಿಗೆ ಮಿ. ಸ್ಯಾಂಡರ್ಸರ ಮೇಲೆ ಎಷ್ಟು ಪ್ರೀತಿಯಿತ್ತೆಂಬುದು ಲೋಕಕ್ಕೆಲ್ಲ ತಿಳಿಯಿತು. ಸಮಿತಿಯ ಅಧ್ಯಕ್ಷೆ ಸ್ಥಾನ ಬಿಡಬೇಕಾಯಿತು. ತಕ್ಕಡಿ ಹಿಡಿದವನೇ ಒಂದು ತಟ್ಟೆಯ ಮೇಲೆ ಬೆರಳಿಟ್ಟನೆಂಬ ಸಂಶಯ ಬಂದಲ್ಲಿ, ನ್ಯಾಯವಾಗಿ ಗೆದ್ದವರ ಗೆಲುವೂ ಕಳೆಗುಂದುತ್ತದೆ. ಸೋತವರ ಸಿಟ್ಟಿಗೆ ಕಾರಣವಿತ್ತೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ.

ಮಿ. ಸ್ಯಾಂಡರ್ಸರ ನಡತೆಯ ವಿಷಯವಾಗಿ ಅಂದು ಅನೇಕರು ಕಟುವಾಗಿ ಬರೆದರು. ಆ ಬರಹಗಳು ನಮಗೆ ಒಪ್ಪಿಗೆಯಿಲ್ಲ. ಅವರು ಜುಲೈ 12ರಂದು ನ್ಯೂ ಹ್ಯಾಂಪ್‌ಶಯರ್ ಸಂಸ್ಥಾನದಲ್ಲಿ ಪ್ರತಿಸ್ಪರ್ಧಿಯ ಪಕ್ಕದಲ್ಲಿ ನಿಂತು ಬೆಂಬಲವನ್ನು ಘೋಷಿಸಿದರು. ಮಹಾಧಿವೇಶನದಲ್ಲಿ ಆಕೆಯನ್ನು ಸರ್ವಾನುಮತದ ಘೋಷದಿಂದ ಆರಿಸಬೇಕೆಂದು ಸೂಚಿಸಿದವರೂ ಅವರೇ. ಬಳಿಕ ಊರೂರು ತಿರುಗಿ ಆಕೆಗಾಗಿ ಮತ ಕೇಳಿದರು. ಪ್ರತಿಯಾಗಿ ಪಕ್ಷದ ಪ್ರಣಾಳಿಕೆಯಲ್ಲಿ ಗಂಟೆಗೆ 15 ಡಾಲರುಗಳ ಕನಿಷ್ಠ ಕೂಲಿಯನ್ನು ಸೇರಿಸಿಸಿದರು. ಸೋತವನು ಇದಕ್ಕಿಂತ ಹೆಚ್ಚೇನು ಮಾಡಬೇಕಾಗಿತ್ತು? ಕಾಲವು ತಡವಾಯಿತೆಂಬ ಆಕ್ಷೇಪದಲ್ಲಿ ಮಾತ್ರ ತುಸು ತಿರುಳಿದೆ. ಕೊನೆಯ ದೊಡ್ಡ ಪ್ರಾಥಮಿಕ ಚುನಾವಣೆಗಳು ಜೂನ್ 7ಕ್ಕೆ ಮುಗಿದಿದ್ದುವು. ನಡುವಣ ಐದು ವಾರಗಳಲ್ಲಿ ಅನುಯಾಯಿಗಳ ಕಹಿ ಗಟ್ಟಿಯಾಯಿತು.

ಗೆದ್ದವರ ಕಡೆಗೆ ಬಂದರೆ ನಾವು ಇಷ್ಟು ಮೃದುವಾಗಿ ಬರೆಯಲಾರೆವು. ಮಿಶಿಗನ್ ಮತ್ತು ವಿಸ್ಕಾನ್ಸಿನ್ ಸಂಸ್ಥಾನಗಳ ಪ್ರಾಥಮಿಕ ಚುನಾವಣೆಗಳಲ್ಲಿ ಜಯಿಸಿದವರು ಮಿ. ಸ್ಯಾಂಡರ್ಸರು. ತನ್ನ ಮನೆಯವರೇ ತನ್ನನ್ನು ಒಲ್ಲೆನೆಂದ ಊರಿಗೆ ಮೊದಲು ಹೋಗಿ ಸಮಾಧಾನ ಹೇಳುವುದು ಮುಖಂಡರ ಧರ್ಮ. ಶ್ರೀಮತಿ ಕ್ಲಿಂಟನ್ನರು ಉಮೇದುವಾರಿಕೆ ದೊರೆತ ಬಳಿಕ ವಿಸ್ಕಾನ್ಸಿನ್ನಿನಲ್ಲಿ ಒಂದು ದಿನವೂ ಪ್ರಚಾರಕ್ಕಾಗಿ ಕಾಲಿಡಲಿಲ್ಲ. ಕಾರ್ಖಾನೆಗಳು ಮುಚ್ಚಿದ ಊರುಗಳ ಕೆಲಸಗಾರರನ್ನು ಎಂದಿನಂತೆ ನಮ್ಮವರೆಂದೇ ಎಣಿಸಿ ಬಿಟ್ಟದ್ದಕ್ಕೆ ತೆತ್ತ ಬೆಲೆಯನ್ನು ಅಂಕೆಗಳೇ ಹೇಳುತ್ತವೆ. ನವೆಂಬರ 8ರಂದು ಮಿ. ಟ್ರಂಪರು ಮಿಶಿಗನ್ನನ್ನು 10,704 ಮತಗಳಿಂದಲೂ, ವಿಸ್ಕಾನ್ಸಿನ್ನನ್ನು 22,748 ಮತಗಳಿಂದಲೂ, ಪೆನ್ಸಿಲ್ವೇನಿಯವನ್ನು 44,292 ಮತಗಳಿಂದಲೂ ಗೆದ್ದರು. ಮೂರೂ ಕೂಡಿ 78 ಸಾವಿರಕ್ಕೂ ಕಡಮೆ. ಇಡಿಯ ದೇಶದಲ್ಲಿ ಶ್ರೀಮತಿ ಕ್ಲಿಂಟನ್ನರಿಗೆ ಸುಮಾರು 28 ಲಕ್ಷ ಮತಗಳು ಹೆಚ್ಚಾಗಿಯೇ ಬಂದಿದ್ದರೂ, ಸಂಸ್ಥಾನವಾರು ಚುನಾಯಕರ ಎಣಿಕೆಯಲ್ಲಿ 304ಕ್ಕೆ 227 ಎಂದು ಆಕೆ ಸೋತರು.

ಇನ್ನು ಮತದಾರರ ಮಾತು. ನಾವು ಬಹಳವಾಗಿ ಯೋಚಿಸುವುದು ಇದನ್ನೇ. ಮುಖಂಡರ ತಪ್ಪುಗಳನ್ನು ಎಣಿಸುವುದು ಸುಲಭ, ಪತ್ರಕರ್ತರಿಗೆ ಅದು ದಿನದ ಅನ್ನ. ಮತದಾರನು ತಪ್ಪಿದನೆಂದು ಬರೆಯಲು ಯಾವ ಸಂಪಾದಕನಿಗೂ ಕೈ ಬರುವುದಿಲ್ಲ. ಆದರೂ ಬರೆಯಬೇಕಾಗಿದೆ. ಗ್ರೀನ್ ಪಕ್ಷದ ಶ್ರೀಮತಿ ಜಿಲ್ ಸ್ಟೈನರಿಗೆ ಆ ಮೂರು ಸಂಸ್ಥಾನಗಳಲ್ಲಿಯೂ ಬಂದ ಮತಗಳು ಸೋಲಿನ ಅಂತರಕ್ಕಿಂತ ಹೆಚ್ಚಾಗಿದ್ದುವು. ಮಿಶಿಗನ್ನಿನಲ್ಲಿ 51 ಸಾವಿರಕ್ಕೂ ಮೇಲೆ. ಆ ಮತಗಳೆಲ್ಲ ಶ್ರೀಮತಿ ಕ್ಲಿಂಟನ್ನರಿಗೆ ಸಲ್ಲತಕ್ಕವಾಗಿದ್ದುವೆಂದು ನಾವು ಹೇಳುವುದಿಲ್ಲ. ಮತವು ಯಾರ ಪಿತ್ರಾರ್ಜಿತವೂ ಅಲ್ಲ. ಚುನಾವಣೆಯ ನಂತರ ನಡೆದ ದೊಡ್ಡ ಸಮೀಕ್ಷೆಯೊಂದರ ಪ್ರಕಾರ, ಪ್ರಾಥಮಿಕದಲ್ಲಿ ಮಿ. ಸ್ಯಾಂಡರ್ಸರನ್ನು ಆರಿಸಿದವರಲ್ಲಿ ನೂರಕ್ಕೆ ಸುಮಾರು 12 ಜನರು ನವೆಂಬರದಲ್ಲಿ ಮಿ. ಟ್ರಂಪರಿಗೆ ಮತವಿತ್ತರು. ಅವರಲ್ಲಿ ಹಲವರು ಮೊದಲೇ ಡೆಮೊಕ್ರಾಟರಾಗಿರಲಿಲ್ಲವೆಂಬುದೂ ನಿಜ. ಉಳಿದವರಲ್ಲಿ ಮನೆಯಲ್ಲೇ ಕುಳಿತವರೂ ಇದ್ದರು. 'ಇಬ್ಬರೂ ಒಂದೇ' ಎಂಬ ಮಾತು ಆಗ ಬಹಳ ಕೇಳಿಬಂದಿತ್ತು.

ಇಬ್ಬರೂ ಒಂದೇ ಆಗಿದ್ದರೇ? ಅವರ ಕಣ್ಣೆದುರಿಗೇ ಒಂದು ಕುರ್ಚಿ ಖಾಲಿಯಿತ್ತು. ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಸ್ಕೇಲಿಯರು 2016ರ ಫೆಬ್ರವರಿಯಲ್ಲಿ ತೀರಿಕೊಂಡಿದ್ದರು. ಅಧ್ಯಕ್ಷ ಒಬಾಮಾರು ಹೆಸರಿಸಿದವರನ್ನು ರಿಪಬ್ಲಿಕನ್ ಬಹುಮತದ ಸೆನೇಟು ವಿಚಾರಣೆಗೂ ಕರೆಯದೆ, ಮುಂದಿನ ಅಧ್ಯಕ್ಷನೇ ತುಂಬಲಿ ಎಂದು ಬಾಗಿಲು ಹಾಕಿತ್ತು. ಮಿ. ಟ್ರಂಪರು ತಾವು ನೇಮಿಸಬಹುದಾದವರ ಪಟ್ಟಿಯನ್ನು ಮೇ ತಿಂಗಳಲ್ಲಿಯೇ ಅಚ್ಚುಹಾಕಿಸಿದ್ದರು. ಗುಟ್ಟೇನೂ ಇರಲಿಲ್ಲ. ಅವರ ಮೊದಲ ಅವಧಿಯಲ್ಲಿ ಮೂವರು ನ್ಯಾಯಾಧೀಶರು ಆಜೀವ ಪೀಠವನ್ನೇರಿದರು. 1973ರಿಂದ ಇದ್ದ ಗರ್ಭಪಾತದ ಹಕ್ಕನ್ನು ಆ ನ್ಯಾಯಾಲಯವು 2022ರ ಜೂನ್ 24ರಂದು ರಾಜ್ಯಘಟನೆಯ ಆಶ್ರಯದಿಂದ ಹೊರಗಿಟ್ಟಿತು. ಆ ತೀರ್ಪು ಸರಿಯೋ ತಪ್ಪೋ ಎಂಬುದು ಬೇರೆಯ ಚರ್ಚೆ. ಅದನ್ನು ಬಯಸಿ ಮತವಿತ್ತವರು ತಮ್ಮ ಮತದ ಫಲವನ್ನು ನ್ಯಾಯವಾಗಿ ಪಡೆದರು. ನಾವು ಮರುಗುವುದು, ಅದನ್ನು ಬಯಸದೆಯೂ ಪ್ರಾಥಮಿಕದ ಸಿಟ್ಟಿನಿಂದ ಬೇರೆಡೆಗೆ ಮುಖ ತಿರುಗಿಸಿದವರ ಸಲುವಾಗಿ. ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ?

ಎದುರುಪಕ್ಷದವರ ಲೆಕ್ಕಾಚಾರವನ್ನು ನೋಡಿರಿ. ರಿಪಬ್ಲಿಕನ್ನರ ಮನೆಯಲ್ಲಿ ಆ ವರ್ಷ ಹದಿನೇಳು ಮಂದಿ ಉಮೇದುವಾರರು. ಬೈಗುಳದ ಮಟ್ಟವಂತೂ ನಮ್ಮ ಸಂತೆಗಳಿಗೂ ನಾಚಿಕೆ ತರುವಂಥದು. ಕ್ಲೀವ್‌ಲ್ಯಾಂಡಿನ ಅಧಿವೇಶನದಲ್ಲಿ ಮಿ. ಟೆಡ್ ಕ್ರೂಜರು ಗೆದ್ದವರ ಹೆಸರಿಗೆ ಬೆಂಬಲ ಸೂಚಿಸದೆ, ಮನಸ್ಸಾಕ್ಷಿಯಂತೆ ಮತ ಕೊಡಿರೆಂದು ಹೇಳಿ ಕೂಗಾಟಕ್ಕೆ ಗುರಿಯಾದರು. ಸೆಪ್ಟೆಂಬರದಲ್ಲಿ ಅವರೇ ಮಿ. ಟ್ರಂಪರಿಗೆ ಮತ ಕೊಡುವುದಾಗಿ ಸಾರಿದರು. ನವೆಂಬರದಲ್ಲಿ ರಿಪಬ್ಲಿಕನ್ನರಲ್ಲಿ ನೂರಕ್ಕೆ ಸುಮಾರು 90 ಜನ ಮನೆಗೆ ಮರಳಿದ್ದರು. ಅವರ ಗುರಿಯನ್ನು ನಾವು ಮೆಚ್ಚದಿರಬಹುದು. ಆ ಕುರ್ಚಿಯ ಬೆಲೆಯನ್ನು ಅವರು ಬಲ್ಲರು.

ಇದೇನೂ ಹೊಸ ಕಥೆಯಲ್ಲ. 1912ರಲ್ಲಿ ಪ್ರಾಥಮಿಕಗಳಲ್ಲಿ ಹೆಚ್ಚಿನವನ್ನು ಗೆದ್ದ ಥಿಯೊಡೋರ್ ರೂಸ್‌ವೆಲ್ಟರಿಗೆ ಷಿಕಾಗೊ ಅಧಿವೇಶನವು ಉಮೇದುವಾರಿಕೆ ಕೊಡಲಿಲ್ಲ. ಅವರು ಹೊಸ ಪಕ್ಷ ಕಟ್ಟಿದರು. ಅಧ್ಯಕ್ಷ ಟ್ಯಾಫ್ಟರಿಗೆ ಎಂಟೇ ಚುನಾಯಕ ಮತಗಳು ಉಳಿದುವು. ನೂರಕ್ಕೆ 42ರಷ್ಟು ಮತಗಳಿಂದ ವುಡ್ರೊ ವಿಲ್ಸನರು ಅಧ್ಯಕ್ಷರಾದರು. 1968ರಲ್ಲಿ ಒಂದು ಪ್ರಾಥಮಿಕದಲ್ಲಿಯೂ ಸ್ಪರ್ಧಿಸದ ಹಂಫ್ರಿಯವರು ಉಮೇದುವಾರರಾದರು, ವಿಯೆಟ್ನಾಂ ಯುದ್ಧದ ವಿರೋಧಿಗಳು ಮುನಿದರು, ನಿಕ್ಸನ್ನರು ಕೂದಲೆಳೆಯಷ್ಟು ಅಂತರದಿಂದ ಗೆದ್ದರು. ಯುದ್ಧವು ಮತ್ತೂ ವರ್ಷಗಟ್ಟಲೆ ನಡೆಯಿತು. 2024ರಲ್ಲಿಯೂ ಮಿಶಿಗನ್ನಿನ ಡೆಮೊಕ್ರಾಟಿಕ್ ಪ್ರಾಥಮಿಕದಲ್ಲಿ ಒಂದು ಲಕ್ಷಕ್ಕೂ ಮಿಕ್ಕ ಜನ, ಗಾಜಾದ ಸಂಕಟವನ್ನು ಮುಂದಿಟ್ಟು, ಯಾರಿಗೂ ಬದ್ಧರಲ್ಲವೆಂದು ಗುರುತು ಹಾಕಿದ್ದರು. ಆ ಎಚ್ಚರಿಕೆಗೆ ಪಕ್ಷವು ತಕ್ಕ ಉತ್ತರ ಕೊಡಲಿಲ್ಲ. ನವೆಂಬರದಲ್ಲಿ ಶ್ರೀಮತಿ ಹ್ಯಾರಿಸರು ಆ ಸಂಸ್ಥಾನವನ್ನು ಸುಮಾರು 80 ಸಾವಿರ ಮತಗಳಿಂದ ಕಳೆದುಕೊಂಡರು. ಅದೊಂದೇ ಕಾರಣವೆನ್ನಲಾಗದು.

ಕೆಡಿಸಿದ್ದನ್ನು ತಿದ್ದಿಕೊಳ್ಳುವ ದಾರಿಯೂ ಅವರಿಗೆ ತಿಳಿದಿದೆ. 2018ರಲ್ಲಿ ಸೂಪರ್ ಡೆಲಿಗೇಟರಿಗೆ, ಫಲಿತವು ಮೊದಲೇ ನಿಶ್ಚಿತವಾಗಿದ್ದ ಹೊರತು, ಮೊದಲ ಸುತ್ತಿನಲ್ಲಿ ಮತವಿಲ್ಲವೆಂದು ನಿಯಮವಾಯಿತು. 2020ರಲ್ಲಿ ಮಿ. ಸ್ಯಾಂಡರ್ಸರು ಏಪ್ರಿಲ್ 8ರಂದು ಕಣದಿಂದ ಸರಿದು, ಐದೇ ದಿನಗಳಲ್ಲಿ ಮಿ. ಬೈಡನ್ನರನ್ನು ಬೆಂಬಲಿಸಿದರು. ಮಿ. ಬೈಡನ್ನರೂ ಅವರ ಜನರನ್ನು ತಮ್ಮವರೊಡನೆ ಕೂರಿಸಿ ಆರು ಕಾರ್ಯಪಡೆಗಳನ್ನು ರಚಿಸಿದರು. ಹಿಂದೆ ಕೈಬಿಟ್ಟ ಆ ಮೂರು ಸಂಸ್ಥಾನಗಳೂ ಆ ಸಲ ಮರಳಿ ಬಂದುವು.

ಅಲ್ಲಿ ನೆಲೆಸಿ ಪ್ರಜೆಗಳಾಗಿರುವ ನಮ್ಮವರಿಗೆ ಒಂದು ಮಾತು. ಮನೆಯ ಜಗಳದಲ್ಲಿ ನಿಮ್ಮ ಪಕ್ಷಪಾತವನ್ನು ಎದೆತುಂಬಿ ತೋರಿರಿ, ಅದಕ್ಕಾಗಿಯೇ ಪ್ರಾಥಮಿಕವಿರುವುದು. ಆದರೆ ಕೆಲವು ಸಂಸ್ಥಾನಗಳಲ್ಲಿ ಪಕ್ಷದ ದಫ್ತರದಲ್ಲಿ ಹೆಸರಿಲ್ಲದವರಿಗೆ ಆ ಬಾಗಿಲು ತೆರೆಯುವುದಿಲ್ಲ. 2016ರ ಏಪ್ರಿಲ್ 19ರಂದು ನ್ಯೂಯಾರ್ಕಿನಲ್ಲಿ ಮತ ಕೊಡಬೇಕಾಗಿದ್ದವರು ಪಕ್ಷವನ್ನು ಬದಲಿಸಿಕೊಳ್ಳಲು ಹಿಂದಿನ ವರ್ಷದ ಅಕ್ಟೋಬರ 9ರೊಳಗೆ ಅರ್ಜಿ ಹಾಕಬೇಕಿತ್ತು. ಮಿ. ಟ್ರಂಪರ ಇಬ್ಬರು ಮಕ್ಕಳೇ ಆ ಗಡುವನ್ನು ತಪ್ಪಿಸಿಕೊಂಡು, ತಂದೆಗೆ ಮತ ಕೊಡಲಾರದೆ ಹೋದರು. ಗಡುವುಗಳು ಸಂಸ್ಥಾನಕ್ಕೊಂದರಂತೆ ಬೇರೆಬೇರೆ. ಹೆಸರನ್ನು ಈಗಲೇ ನೋಡಿಕೊಳ್ಳಿರಿ.